ಅಂಗಡಿಯ ಮಾತು ದಾಖಲೆಯಾದಾಗ

2025ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಹಲವು ಬೀದಿಗಳಲ್ಲಿ ಅಪರೂಪದ ದೃಶ್ಯವೊಂದು ಕಂಡುಬಂತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿ, ಚಹಾದಂಗಡಿಗಳ ಗಲ್ಲಾಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಕ್ಯೂಆರ್ ಕೋಡ್ ಚೀಟಿಗಳು ಮಾಯವಾದವು. ಅವುಗಳ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಬಂದವು. ದೇಶದ ಮಾಹಿತಿ ತಂತ್ರಜ್ಞಾನದ ರಾಜಧಾನಿ ಎನಿಸಿಕೊಂಡ ನಗರದಲ್ಲೇ ಸಣ್ಣ ವ್ಯಾಪಾರಿ ಮತ್ತೆ ಚಿಲ್ಲರೆ ಎಣಿಸತೊಡಗಿದ್ದ.

ಕಾರಣ ಎಲ್ಲರಿಗೂ ತಿಳಿದಿರುವಂಥದ್ದೇ. 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ವಿವರಗಳನ್ನು ಪಾವತಿ ಸೇವಾ ಸಂಸ್ಥೆಗಳಿಂದ ಪಡೆದ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆಯು, ಜಿಎಸ್‌ಟಿ ನೋಂದಣಿಯ ಮಿತಿಯನ್ನು ದಾಟಿದಂತೆ ಕಂಡ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ನೀಡಿತ್ತು. ಕೆಲವರ ನೋಟಿಸುಗಳಲ್ಲಿ ನಮೂದಾದ ಮೊತ್ತ ಲಕ್ಷಗಳನ್ನು ಮುಟ್ಟಿತ್ತು. ಪ್ರತಿಭಟನೆ, ಹಾಲಿನ ಮಾರಾಟ ಸ್ಥಗಿತ, ಜುಲೈ 25ರ ಬಂದ್ ಕರೆ ಒಂದರ ಹಿಂದೊಂದು ಬಂದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿ ಹಳೆಯ ಬಾಕಿಯ ವಿಷಯದಲ್ಲಿ ಭರವಸೆ ನೀಡಿದ ಮೇಲೆ ಬಂದ್ ಕೈಬಿಡಲಾಯಿತು.

ಈ ಪ್ರಕರಣವನ್ನು ಆಗ ಬಹುತೇಕ ಎಲ್ಲರೂ ತೆರಿಗೆಯ ಪ್ರಶ್ನೆಯಾಗಿಯೇ ನೋಡಿದರು. ಆದರೆ ಅದರ ಒಳಗೆ ಇನ್ನೊಂದು ಸಂಗತಿ ಅಡಗಿದೆ. ಕಳೆದೊಂದು ದಶಕದಲ್ಲಿ ಸಣ್ಣ ವ್ಯಾಪಾರಿ ತನ್ನ ಗ್ರಾಹಕನೊಡನೆ ಮಾತನಾಡುವ ರೀತಿಯೇ ಬದಲಾಗಿದೆ. ದರ ಕೇಳುವುದು, ಬೇಡಿಕೆ ಸಲ್ಲಿಸುವುದು, ಹಣ ಕೊಡುವುದು, ದೂರು ಹೇಳುವುದು, ಹೊಗಳುವುದು, ಎಲ್ಲವೂ ಫೋನಿನ ತೆರೆಯ ಮೇಲೆ ನಡೆಯುತ್ತಿದೆ. ಹಿಂದೆ ಗಾಳಿಯಲ್ಲಿ ಕರಗಿಹೋಗುತ್ತಿದ್ದ ಅಂಗಡಿಯ ಮಾತು ಈಗ ಎಲ್ಲೋ ಒಂದೆಡೆ ದಾಖಲೆಯಾಗಿ ಉಳಿಯುತ್ತಿದೆ. ಆ ದಾಖಲೆ ಪಾವತಿ ಕಂಪನಿಯ ಬಳಿ ಇದೆ, ಸಾಮಾಜಿಕ ಜಾಲತಾಣದ ಬಳಿ ಇದೆ, ಕೇಳಿದರೆ ಸರ್ಕಾರಕ್ಕೂ ಸಿಗುತ್ತದೆ. ಅನೇಕ ಸಂದರ್ಭಗಳಲ್ಲಿ ಅದು ಇಲ್ಲದಿರುವುದು ವ್ಯಾಪಾರಿಯ ಬಳಿ ಮಾತ್ರ. ಇಂದಿನ ಸಮಸ್ಯೆಯ ಮೂಲ ಇಲ್ಲಿದೆ.

ಹಸ್ತಪತ್ರಿಕೆಯ ಕಾಲ

ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಜಿಲ್ಲಾ ಕೇಂದ್ರವೊಂದರಲ್ಲಿ ಹೊಸ ಬಟ್ಟೆ ಅಂಗಡಿ ತೆರೆದರೆ ಊರಿಗೆ ಸುದ್ದಿ ಮುಟ್ಟುತ್ತಿದ್ದ ದಾರಿಗಳು ಬೆರಳೆಣಿಕೆಯಷ್ಟಿದ್ದವು. ದಿನಪತ್ರಿಕೆಯ ಮಡಿಕೆಯೊಳಗೆ ಇಟ್ಟ ಹಸ್ತಪತ್ರಿಕೆ, ಧ್ವನಿವರ್ಧಕ ಕಟ್ಟಿಕೊಂಡು ಸುತ್ತುವ ಆಟೋ, ಚಿತ್ರಮಂದಿರದ ಮಧ್ಯಂತರದಲ್ಲಿ ತೋರಿಸುವ ಸ್ಲೈಡ್, ಸ್ಥಳೀಯ ಕೇಬಲ್ ವಾಹಿನಿಯ ಅಡಿಯಲ್ಲಿ ಓಡುವ ಅಕ್ಷರಸಾಲು, ಗೋಡೆಬರಹ, ದೀಪಾವಳಿಗೆ ಹಂಚುವ ಕ್ಯಾಲೆಂಡರ್. ಇವೆಲ್ಲಕ್ಕಿಂತ ಮಿಗಿಲಾಗಿ, ಒಬ್ಬರಿಂದ ಒಬ್ಬರಿಗೆ ಹಬ್ಬುವ ಬಾಯಿಮಾತು.

ಈ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಎರಡು ಅಂಶಗಳಿದ್ದವು. ಮೊದಲನೆಯದು, ಪ್ರಚಾರಕ್ಕೆ ವ್ಯಾಪಾರಿ ಖರ್ಚು ಮಾಡಿದ ಹಣ ಬಹುತೇಕ ಊರಿನಲ್ಲೇ ಉಳಿಯುತ್ತಿತ್ತು. ಮುದ್ರಣಾಲಯದವನು, ಬೋರ್ಡು ಬರೆಯುವ ಕಲಾವಿದ, ಪತ್ರಿಕೆ ಹಂಚುವ ಹುಡುಗ, ಕೇಬಲ್ ನಿರ್ವಾಹಕ, ಸ್ಥಳೀಯ ಪತ್ರಿಕೆಯ ಜಾಹೀರಾತು ವಿಭಾಗ, ಇವರೆಲ್ಲರೂ ಆ ಖರ್ಚಿನ ಪಾಲುದಾರರು. ಎರಡನೆಯದು, ಗ್ರಾಹಕನ ಕುರಿತ ತಿಳಿವಳಿಕೆ ವ್ಯಾಪಾರಿಯ ಸ್ವಂತ ಆಸ್ತಿಯಾಗಿತ್ತು. ಯಾರ ಮನೆಯಲ್ಲಿ ಮದುವೆ ಇದೆ, ಯಾರು ತಿಂಗಳ ಮೊದಲ ವಾರ ಲೆಕ್ಕ ಚುಕ್ತಾ ಮಾಡುತ್ತಾರೆ, ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದು ಅಂಗಡಿಯವನ ತಲೆಯಲ್ಲಿ ಮತ್ತು ಕೆಂಪು ರಟ್ಟಿನ ಉದ್ರಿ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಆ ಪುಸ್ತಕವನ್ನು ಬೇರೆಯವರು ಓದುವ ಪ್ರಶ್ನೆಯೇ ಇರಲಿಲ್ಲ.

ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸಬೇಕಿಲ್ಲ. ಬೀದಿ ಬದಿಯ ವ್ಯಾಪಾರಿಗೆ ಹಸ್ತಪತ್ರಿಕೆಯ ಖರ್ಚೂ ಹೊರೆಯೇ. ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡುವ ಗೃಹಿಣಿಗೆ ತನ್ನ ಬೀದಿಯಾಚೆಗಿನ ಗ್ರಾಹಕ ಸಿಗುವ ಸಾಧ್ಯತೆ ಕಡಿಮೆ. ಊರಿನ ದೊಡ್ಡ ಅಂಗಡಿಯವನಿಗೆ ಸಿಗುತ್ತಿದ್ದ ಪ್ರಚಾರ ಚಿಕ್ಕವನಿಗೆ ದುರ್ಲಭವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ.

ಜಾಲತಾಣದಿಂದ ಅಂಗೈಗೆ

ಅಂತರ್ಜಾಲ ನಮ್ಮಲ್ಲಿಗೆ ಬಂದಾಗ ಅದರ ಮೊದಲ ಫಲಾನುಭವಿ ಸಣ್ಣ ವ್ಯಾಪಾರಿ ಆಗಿರಲಿಲ್ಲ. ಇಂಡಿಯಾಮಾರ್ಟ್ ಮತ್ತು ಜಸ್ಟ್‌ಡಯಲ್ ಎರಡೂ 1996ರಲ್ಲಿ ಆರಂಭವಾದವು. ಮೊದಲನೆಯದು ಕಾರ್ಖಾನೆಗಳನ್ನೂ ಸಗಟು ಖರೀದಿದಾರರನ್ನೂ ಜೋಡಿಸುವ ತಾಣವಾದರೆ, ಎರಡನೆಯದು ದೂರವಾಣಿಯ ಮೂಲಕ ಅಂಗಡಿಯ ವಿಳಾಸ ತಿಳಿಸುವ ಸೇವೆಯಾಗಿ ಬೆಳೆಯಿತು. 2007ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಫ್ಲಿಪ್‌ಕಾರ್ಟ್ ಪುಸ್ತಕ ಮಾರಾಟದಿಂದ ಶುರುವಾಗಿ ದೊಡ್ಡ ಮಾರುಕಟ್ಟೆಯಾಯಿತು. ಆದರೆ ಸ್ವಂತ ಜಾಲತಾಣ ಕಟ್ಟಿಸಿ, ಪ್ರತಿ ವರ್ಷ ಅದನ್ನು ನವೀಕರಿಸಿ, ಇಂಗ್ಲಿಷಿನಲ್ಲಿ ನಿರ್ವಹಿಸುವುದು ಗಾಂಧಿ ಬಜಾರಿನ ಅಂಗಡಿಯವನಿಗಾಗಲಿ, ದಾವಣಗೆರೆಯ ಮಂಡಕ್ಕಿ ಮಾರುವವನಿಗಾಗಲಿ ಸಾಧ್ಯವಿರಲಿಲ್ಲ, ಅಗತ್ಯವೂ ಇರಲಿಲ್ಲ.

ಬದಲಾವಣೆಗೆ ನಿಜವಾದ ವೇಗ ಬಂದದ್ದು 2016ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ಯುಪಿಐ ವ್ಯವಸ್ಥೆ ಉದ್ಘಾಟನೆಯಾಯಿತು. ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾಗಿ ಮೊಬೈಲ್ ಡೇಟಾ ದರ ಕುಸಿಯಿತು. ನವೆಂಬರ್ 8ರಂದು 500 ಮತ್ತು 1000 ರೂಪಾಯಿಯ ನೋಟುಗಳು ಅಮಾನ್ಯಗೊಂಡವು. ಅಗ್ಗದ ಅಂತರ್ಜಾಲ, ಫೋನಿನಲ್ಲಿಯೇ ಪಾವತಿ, ನಗದಿನ ಅಭಾವ ಎಂಬ ಮೂರು ಬೆಳವಣಿಗೆಗಳು ಕೆಲವೇ ತಿಂಗಳ ಅಂತರದಲ್ಲಿ ಒಂದಾದವು. 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ವ್ಯಾಪಾರಿಗಳಿಗೆಂದೇ ಪ್ರತ್ಯೇಕ ಆ್ಯಪ್ ಬಿಡುಗಡೆ ಮಾಡಿತು. ಅಂಗಡಿಯ ವಿಳಾಸ, ಕೆಲಸದ ವೇಳೆ, ಸರಕಿನ ಚಿತ್ರಗಳು, ಸಿದ್ಧ ಉತ್ತರಗಳು, ಎಲ್ಲವೂ ಒಂದೇ ಕಡೆ, ಅದೂ ಉಚಿತವಾಗಿ.

ನಂತರ ಬಂದದ್ದು 2020ರ ಲಾಕ್‌ಡೌನ್. ಅಲ್ಲಿಯವರೆಗೆ ‘ನಮಗೇಕೆ ಇದೆಲ್ಲ’ ಎನ್ನುತ್ತಿದ್ದ ದಿನಸಿ ಅಂಗಡಿಯವರೂ ಅನಿವಾರ್ಯವಾಗಿ ಗ್ರಾಹಕರ ಸಾಮಾನಿನ ಚೀಟಿಯನ್ನು ಫೋಟೊ ರೂಪದಲ್ಲಿ ಸ್ವೀಕರಿಸತೊಡಗಿದರು. ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತರಕಾರಿ ಗಾಡಿಯವನ ಸಂಖ್ಯೆ ಹರಿದಾಡಿತು. ಸಾಂಕ್ರಾಮಿಕ ತಗ್ಗಿದ ಮೇಲೂ ಅಭ್ಯಾಸ ಉಳಿಯಿತು.

ದಕ್ಕಿದ ಲಾಭ

ಈ ಬದಲಾವಣೆಯಿಂದ ಯಾರಿಗೆ ಏನು ದಕ್ಕಿತು? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಚನ್ನಪಟ್ಟಣದ ಗೊಂಬೆಗಳಂಥ ವಸ್ತುಗಳು ಮೊದಲು ಗ್ರಾಹಕನನ್ನು ತಲುಪಬೇಕಾದರೆ ಸಗಟು ವ್ಯಾಪಾರಿ, ನಗರದ ಮಳಿಗೆ, ವಸ್ತುಪ್ರದರ್ಶನಗಳ ಹಾದಿ ಹಿಡಿಯಬೇಕಿತ್ತು. ಈಗ ನೇಯ್ದ ಸೀರೆಯ ಸೆರಗನ್ನು ಅಂಗಳದಲ್ಲಿ ಹರಡಿ ತೆಗೆದ ಚಿತ್ರ ಹುಬ್ಬಳ್ಳಿಗೂ ಬೆಂಗಳೂರಿಗೂ ವಿದೇಶದ ಕನ್ನಡಿಗರ ಫೋನಿಗೂ ಒಂದೇ ಕ್ಷಣದಲ್ಲಿ ತಲುಪುತ್ತದೆ. ಬಣ್ಣ ಒಪ್ಪಿಗೆಯಾಯಿತೇ, ದಡಿ ಬೇರೆ ಬೇಕೇ ಎಂಬ ಮಾತುಕತೆ ಮಧ್ಯವರ್ತಿಯಿಲ್ಲದೆ ನಡೆಯುತ್ತದೆ.

ಮಾವಿನ ವಿಷಯವನ್ನೇ ನೋಡಬಹುದು. ಕೋಲಾರ, ರಾಮನಗರ ಭಾಗದ ಬೆಳೆಗಾರರ ಹಣ್ಣನ್ನು ಆನ್‌ಲೈನ್‌ನಲ್ಲಿ ಕಾಯ್ದಿರಿಸಿ ಅಂಚೆ ಇಲಾಖೆಯ ಮೂಲಕ ಬೆಂಗಳೂರಿನ ಮನೆಬಾಗಿಲಿಗೆ ತಲುಪಿಸುವ ವ್ಯವಸ್ಥೆಯನ್ನು ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ ರೂಪಿಸಿತು. ಇಲ್ಲಿ ಹೊಸ ತಂತ್ರಜ್ಞಾನ ಮತ್ತು ಶತಮಾನದಷ್ಟು ಹಳೆಯ ಅಂಚೆ ಜಾಲ ಎರಡೂ ಕೈಜೋಡಿಸಿರುವುದು ಗಮನಾರ್ಹ. ಮಂಡಿಯಲ್ಲಿ ಹರಾಜು ಕೂಗುವವನ ದನಿಯನ್ನಷ್ಟೇ ಕೇಳುತ್ತಿದ್ದ ರೈತನಿಗೆ ಮೊದಲ ಬಾರಿಗೆ ಹಣ್ಣು ತಿನ್ನುವವನ ಮಾತೂ ಕೇಳಿಸುವಂತಾಯಿತು.

ಇನ್ನೊಂದು ಮುಖ್ಯ ಲಾಭ ಮಹಿಳೆಯರದ್ದು. ಅಂಗಡಿ ಬಾಡಿಗೆ, ಮುಂಗಡ, ಬೋರ್ಡು ಯಾವುದೂ ಇಲ್ಲದೆ ಮನೆಯ ಅಡುಗೆಮನೆಯಿಂದಲೇ ಹೋಳಿಗೆ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವುದು ಸಾಧ್ಯವಾಯಿತು. ಅದಕ್ಕೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು ಎಂಬುದು ಅನೇಕರಿಗೆ ತಿಳಿದಿಲ್ಲದಿರುವುದು ಬೇರೆ ಮಾತು.

ಭಾಷೆಯ ವಿಷಯದಲ್ಲೂ ಒಂದು ಅನಿರೀಕ್ಷಿತ ಬೆಳವಣಿಗೆಯಾಗಿದೆ. ಜಾಲತಾಣಗಳ ಕಾಲದಲ್ಲಿ ವ್ಯಾಪಾರದ ಅಂತರ್ಜಾಲ ಎಂದರೆ ಇಂಗ್ಲಿಷ್ ಎಂದೇ ಆಗಿತ್ತು. ಫೋನಿನಲ್ಲಿ ಕನ್ನಡ ಕೀಲಿಮಣೆ ಸುಲಭವಾದ ಮೇಲೆ, ಅದಕ್ಕಿಂತಲೂ ಹೆಚ್ಚಾಗಿ ಧ್ವನಿಸಂದೇಶ ಬಂದ ಮೇಲೆ, ಅಕ್ಷರ ಬಾರದ ವ್ಯಾಪಾರಿಯೂ ತನ್ನ ಊರಿನ ಕನ್ನಡದಲ್ಲೇ ಗ್ರಾಹಕನಿಗೆ ಉತ್ತರ ಕೊಡಬಲ್ಲ. ಕಲಬುರಗಿಯ ಮಾತು ಕಲಬುರಗಿಯ ರೀತಿಯಲ್ಲೇ, ಕುಂದಾಪುರದ ಮಾತು ಕುಂದಾಪುರದ ರೀತಿಯಲ್ಲೇ ಹೋಗುತ್ತದೆ. ಹಣ ಬಂದಿತೆಂದು ಕೂಗಿ ಹೇಳುವ ಧ್ವನಿಪೆಟ್ಟಿಗೆಗಳೂ ಕನ್ನಡ ಕಲಿತಿವೆ.

ಬಾಡಿಗೆಯ ನೆಲ

ಇಷ್ಟೆಲ್ಲ ಅನುಕೂಲಗಳ ನಡುವೆಯೂ ಒಂದು ಪ್ರಶ್ನೆ ಉಳಿದುಕೊಳ್ಳುತ್ತದೆ. ವ್ಯಾಪಾರಿ ನಿಂತು ಮಾತನಾಡುತ್ತಿರುವ ಈ ನೆಲ ಯಾರದ್ದು?

ಅದು ಅವನದ್ದಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ವಾಟ್ಸ್‌ಆ್ಯಪ್ ಮೂರೂ ಇಂದು ಮೆಟಾ ಎಂಬ ಒಂದೇ ಸಂಸ್ಥೆಯ ಸೊತ್ತು. ಅಲ್ಲಿ ವ್ಯಾಪಾರಿ ಕೇವಲ ಬಾಡಿಗೆದಾರ. ಆರಂಭದ ದಿನಗಳಲ್ಲಿ ಫೇಸ್‌ಬುಕ್ ಪುಟದಲ್ಲಿ ಹಾಕಿದ ಚಿತ್ರ ಪುಟ ಮೆಚ್ಚಿದ ಬಹಳಷ್ಟು ಮಂದಿಗೆ ಕಾಣುತ್ತಿತ್ತು. ವರ್ಷಗಳು ಕಳೆದಂತೆ ಅದು ಕಡಿಮೆಯಾಗುತ್ತ ಬಂದು, ‘ಹೆಚ್ಚು ಜನರಿಗೆ ತಲುಪಿಸಲು ಹಣ ಪಾವತಿಸಿ’ ಎಂಬ ಗುಂಡಿ ಕಾಣಿಸಿಕೊಂಡಿತು. ವಾಟ್ಸ್‌ಆ್ಯಪ್‌ನ ಸಾಮಾನ್ಯ ಪ್ರಸಾರ ಪಟ್ಟಿಯಲ್ಲಿ ಅಂಗಡಿಯ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಸಂದೇಶ ತಲುಪುತ್ತದೆ. ಅದನ್ನು ಮೀರಿ ದೊಡ್ಡ ಪ್ರಮಾಣದಲ್ಲಿ ಜಾಹೀರಾತು ಸಂದೇಶ ಕಳುಹಿಸಬೇಕೆಂದರೆ ಶುಲ್ಕದ ಸೇವೆಯೇ ಗತಿ. 2025ರ ಜುಲೈನಿಂದ ಆ ಸೇವೆಯಲ್ಲಿ ಒಂದೊಂದು ಸಂದೇಶಕ್ಕೂ ದರ ವಿಧಿಸುವ ಪದ್ಧತಿ ಜಾರಿಗೆ ಬಂದಿದೆ. ಎಸ್ಸೆಮ್ಮೆಸ್ಸಿಗೆ ಹಿಂದಿರುಗೋಣವೆಂದರೆ ಅಲ್ಲಿಯೂ ಸಂಸ್ಥೆಯ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕೆಂಬ ನಿಯಮವಿದೆ. ಅನಪೇಕ್ಷಿತ ಸಂದೇಶಗಳ ಹಾವಳಿ ತಡೆಯಲು ಅದು ಅಗತ್ಯವೇ ಇರಬಹುದು. ಆದರೆ ಮೂರು ಜನರಿರುವ ಅಂಗಡಿಗೆ ಅದೊಂದು ಗೋಡೆಯಾಗಿದೆ.

ಬಾಡಿಗೆದಾರನ ಸ್ಥಿತಿ ಏನೆಂಬುದನ್ನು ಕೆಲವು ಘಟನೆಗಳು ಸ್ಪಷ್ಟವಾಗಿ ತೋರಿಸಿಕೊಟ್ಟಿವೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಆ ವೇದಿಕೆಯಲ್ಲಿ ಗ್ರಾಹಕರನ್ನು ಕಂಡುಕೊಂಡಿದ್ದ ಸಣ್ಣ ವ್ಯಾಪಾರಿಗಳು ಒಂದೇ ರಾತ್ರಿಯಲ್ಲಿ ಅವರನ್ನು ಕಳೆದುಕೊಂಡರು. ನಿಷೇಧದ ಕಾರಣಗಳು ದೇಶದ ಭದ್ರತೆಗೆ ಸಂಬಂಧಿಸಿದವು. ಅದನ್ನು ಇಲ್ಲಿ ಚರ್ಚಿಸಬೇಕಿಲ್ಲ. ಆದರೆ ವರ್ಷಗಳ ಪರಿಚಯ ಒಂದು ಪ್ರಕಟಣೆಯೊಂದಿಗೆ ಅಳಿದುಹೋದದ್ದು ನಿಜ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ಸ್ಥಗಿತಗೊಂಡವು. ನಮ್ಮಲ್ಲಿ ಅದು ರಾತ್ರಿಯ ವೇಳೆಯಾದ್ದರಿಂದ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ. ಹಬ್ಬದ ಹಿಂದಿನ ದಿನದ ಮಧ್ಯಾಹ್ನ ಹಾಗಾಗಿದ್ದರೆ ಪರಿಸ್ಥಿತಿ ಬೇರೆಯೇ ಆಗಿರುತ್ತಿತ್ತು.

2024ರ ಜನವರಿ 31ರಂದು ಭಾರತೀಯ ರಿಸರ್ವ್ ಬ್ಯಾಂಕ್ ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ವಿರುದ್ಧ ಕ್ರಮ ಕೈಗೊಂಡಾಗಲೂ ಇದೇ ಅನುಭವ. ಆ ಬ್ಯಾಂಕಿನಲ್ಲಿ ಖಾತೆ ಇರಿಸಿಕೊಂಡಿದ್ದ ವ್ಯಾಪಾರಿಗಳು ಮಾರ್ಚ್ 15ರ ಗಡುವಿನೊಳಗೆ ಹಣ ಜಮೆಯಾಗುವ ಖಾತೆಯನ್ನು ಬೇರೆಡೆಗೆ ಬದಲಿಸಬೇಕಾಯಿತು. ನಿಯಮ ಉಲ್ಲಂಘಿಸಿದ ಆರೋಪ ಇದ್ದದ್ದು ಬ್ಯಾಂಕಿನ ಮೇಲೆ. ಗೊಂದಲ ಅನುಭವಿಸಿದ್ದು ಅಂಗಡಿಯವನು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ದತ್ತಾಂಶದ್ದು. ವಾಟ್ಸ್‌ಆ್ಯಪ್ 2021ರಲ್ಲಿ ತಂದ ಖಾಸಗಿತನದ ನೀತಿಯ ಕುರಿತು ವಿಚಾರಣೆ ನಡೆಸಿದ ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರ್‌ನಲ್ಲಿ ಮೆಟಾ ಸಂಸ್ಥೆಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. 2025ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದರೂ, ಜಾಹೀರಾತಿಗಾಗಿ ದತ್ತಾಂಶ ಹಂಚಿಕೊಳ್ಳುವುದರ ಮೇಲಿನ ಐದು ವರ್ಷಗಳ ನಿರ್ಬಂಧವನ್ನು ತೆರವುಗೊಳಿಸಿತು. ಸಂದೇಶದ ಒಳಮಾತು ಗೂಢಲಿಪಿಯಲ್ಲಿ ಸುರಕ್ಷಿತವಾಗಿದೆ ಎಂದು ಕಂಪನಿ ಹೇಳುತ್ತದೆ. ಆದರೆ ಯಾರು ಯಾವ ವ್ಯಾಪಾರಿಯೊಡನೆ ಎಷ್ಟು ಬಾರಿ ಸಂಪರ್ಕದಲ್ಲಿದ್ದಾರೆ ಎಂಬಂಥ ವಿವರಗಳಿಗೂ ಬೆಲೆಯಿದೆ. ಹಿಂದೆ ಅಂಗಡಿಯವನ ತಲೆಯಲ್ಲಿದ್ದ ಗ್ರಾಹಕನ ಪರಿಚಯ ಈಗ ಬೇರೆಯವರ ಗಣಕದಲ್ಲಿದೆ. ಆ ಪರಿಚಯವನ್ನೇ ಆಧರಿಸಿ ಎದುರು ಅಂಗಡಿಯವನಿಗೆ ಜಾಹೀರಾತು ಮಾರುವ ಅವಕಾಶವೂ ವೇದಿಕೆಗೆ ಇದೆ.

ನಂಬಿಕೆಗೆ ಹೊಸ ಸಾಕ್ಷಿ

ಮುಖ ನೋಡಿ ನಂಬುವ ವ್ಯಾಪಾರ ತೆರೆ ನೋಡಿ ನಂಬುವ ವ್ಯಾಪಾರವಾದಾಗ ವಂಚನೆಗೂ ಹೊಸ ದಾರಿಗಳು ತೆರೆದುಕೊಂಡವು. ಪಾವತಿಯಾಗಿದೆ ಎಂದು ತೋರಿಸುವ ನಕಲಿ ಚಿತ್ರ, ಅಂಗಡಿಯ ಕ್ಯೂಆರ್ ಕೋಡಿನ ಮೇಲೆ ರಾತ್ರೋರಾತ್ರಿ ಅಂಟಿಸಿದ ಇನ್ನೊಬ್ಬರ ಕೋಡ್, ಸೇನಾಧಿಕಾರಿ ಎಂದು ಹೇಳಿಕೊಂಡು ಹೋಟೆಲಿಗೆ ನೂರಾರು ಊಟದ ಬೇಡಿಕೆ ಸಲ್ಲಿಸಿ ‘ಹಣ ಪಡೆಯಲು ಇದನ್ನು ಸ್ಕ್ಯಾನ್ ಮಾಡಿ’ ಎಂದು ವಂಚಿಸುವುದು, ಇವೆಲ್ಲ ಪೊಲೀಸ್ ಠಾಣೆಗಳಿಗೆ ಪರಿಚಿತವಾದ ಪ್ರಕರಣಗಳು. ಧ್ವನಿಪೆಟ್ಟಿಗೆ ಇಷ್ಟು ಬೇಗ ಅಂಗಡಿ ಅಂಗಡಿಗೂ ಹಬ್ಬಲು ಇದೇ ಕಾರಣ. ಗ್ರಾಹಕ ತೋರಿಸುವ ಫೋನನ್ನು ನಂಬುವ ಬದಲು ವ್ಯಾಪಾರಿ ತನ್ನ ಕಿವಿಯನ್ನು ನಂಬುತ್ತಾನೆ. ಆದರೆ ಆ ಪೆಟ್ಟಿಗೆಗೂ ಸಾಮಾನ್ಯವಾಗಿ ತಿಂಗಳ ಬಾಡಿಗೆಯಿದೆ. ನಂಬಿಕೆಯೂ ಬಾಡಿಗೆಗೆ ಸಿಗುವ ವಸ್ತುವಾಗಿದೆ ಎನ್ನಬಹುದೇನೋ.

ಗ್ರಾಹಕರ ವಿಮರ್ಶೆಯದ್ದು ಇನ್ನೊಂದು ಕಥೆ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರಿನ ಕೆಳಗೆ ಕಾಣುವ ನಕ್ಷತ್ರಗಳು ಹೊಸ ಊರಿಗೆ ಬಂದವನಿಗೆ ದಾರಿದೀಪ. ಒಳ್ಳೆಯ ಇಡ್ಲಿ ಮಾಡುವ ಪುಟ್ಟ ಹೋಟೆಲು ಯಾವ ಜಾಹೀರಾತೂ ಇಲ್ಲದೆ ಪ್ರಸಿದ್ಧಿಗೆ ಬರುವುದು ಇದರಿಂದ ಸಾಧ್ಯವಾಗಿದೆ. ಅದೇ ವೇಳೆ ಒಂದು ಜಗಳದ ಸಿಟ್ಟಿನಲ್ಲಿ ಹತ್ತು ಮಂದಿ ಸೇರಿ ಒಂದೊಂದು ನಕ್ಷತ್ರ ಕೊಟ್ಟರೆ ವರ್ಷಗಳ ಹೆಸರು ಮಸುಕಾಗುತ್ತದೆ. ಹಣ ಕೊಟ್ಟು ಹೊಗಳಿಕೆ ಬರೆಸುವ ದಂಧೆಯೂ ಇದೆ. ಇದನ್ನು ತಡೆಯುವ ಸಲುವಾಗಿ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನು ಪ್ರಕಟಿಸಿತು. ಆದರೆ ಅದನ್ನು ಐಚ್ಛಿಕವೆಂದೇ ಘೋಷಿಸಲಾಗಿತ್ತು.

ನಕಲು ಮಾಲಿನ ಸಮಸ್ಯೆ ಕುಶಲಕರ್ಮಿಗಳಿಗೆ ಹೆಚ್ಚು ತಟ್ಟುತ್ತದೆ. ಚಿತ್ರದಲ್ಲಿ ಕೈಮಗ್ಗದ ಸೀರೆಗೂ ವಿದ್ಯುತ್ ಮಗ್ಗದ ಸೀರೆಗೂ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗೂ ಹೊರಗಿನಿಂದ ಬಂದ ಗೊಂಬೆಗೂ ವ್ಯತ್ಯಾಸ ಕಾಣುವುದು ಕಷ್ಟ. ಮುಟ್ಟಿ ನೋಡುವ ಮಾರುಕಟ್ಟೆಯಲ್ಲಿ ಇದ್ದ ಅನುಕೂಲ ನೋಡಿ ಮಾತ್ರ ಕೊಳ್ಳುವ ಮಾರುಕಟ್ಟೆಯಲ್ಲಿ ಇಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಇದ್ದರೂ ಅದನ್ನು ಫೋನಿನ ತೆರೆಯ ಮೇಲೆ ಪರೀಕ್ಷಿಸುವ ಸುಲಭ ದಾರಿ ಗ್ರಾಹಕನಿಗೆ ಗೊತ್ತಿಲ್ಲ.

ನೋಟಿಸಿನ ಪಾಠ

ಈಗ ಮತ್ತೆ 2025ರ ಜುಲೈನ ಪ್ರಕರಣಕ್ಕೆ ಬರೋಣ. ಕಾನೂನಿನ ಪ್ರಕಾರ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ನೀಡುವವರದ್ದು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಹಣ ನಗದಾಗಿ ಬಂದಿತೋ ಯುಪಿಐ ಮೂಲಕ ಬಂದಿತೋ ಎಂಬುದು ಅಲ್ಲಿ ಮುಖ್ಯವಲ್ಲ. ಇಲಾಖೆ ಅಂದು ಹೇಳಿದ್ದೂ ಇದನ್ನೇ. ಅಷ್ಟರ ಮಟ್ಟಿಗೆ ಇಲಾಖೆಯ ನಿಲುವು ಸರಿ. ನೋಂದಣಿ ಮಾಡಿಸಿ ತೆರಿಗೆ ಕಟ್ಟುತ್ತಿರುವ ಪಕ್ಕದ ಅಂಗಡಿಯವನ ದೃಷ್ಟಿಯಿಂದ ನೋಡಿದರೆ ಅದು ನ್ಯಾಯವೂ ಹೌದು.

ಆದರೆ ಖಾತೆಗೆ ಬಂದ ಹಣವೆಲ್ಲ ವಹಿವಾಟಲ್ಲ. ಸಣ್ಣ ವ್ಯಾಪಾರಿಯ ಒಂದೇ ಖಾತೆಗೆ ಮಾರಾಟದ ಹಣವೂ ಬರುತ್ತದೆ, ತಮ್ಮನು ಕಳುಹಿಸಿದ ಹಣವೂ, ಚೀಟಿಯ ಹಣವೂ, ಕೈಗಡವಾಗಿ ಕೊಟ್ಟು ಹಿಂದಿರುಗಿ ಬಂದ ಹಣವೂ ಬರುತ್ತದೆ. ತಾಜಾ ತರಕಾರಿ, ಹಣ್ಣು, ಹಾಲಿನಂಥ ತೆರಿಗೆ ವಿನಾಯಿತಿಯ ಸರಕನ್ನು ಮಾತ್ರ ಮಾರುವವನಿಗೆ ನೋಂದಣಿಯೇ ಬೇಕಿಲ್ಲ. ಆದರೆ ಅದೇ ಹಾಲಿನ ಅಂಗಡಿಯಲ್ಲಿ ಬಿಸ್ಕತ್ತು, ಸಿಗರೇಟು ಕೂಡ ಮಾರಿದರೆ ಮಿತಿಯ ಲೆಕ್ಕಕ್ಕೆ ಎರಡೂ ಸೇರುತ್ತವೆ. ಗಣಕದಲ್ಲಿರುವ ಮೊತ್ತ ಈ ಭೇದವನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ವ್ಯಾಪಾರಿಯ ಬಿಲ್ಲು ಮತ್ತು ಲೆಕ್ಕದ ಪುಸ್ತಕ. ಅನೇಕರ ಬಳಿ ಅದೇ ಇರಲಿಲ್ಲ.

ಅಂದರೆ, ಅವನ ನಾಲ್ಕು ವರ್ಷಗಳ ವ್ಯಾಪಾರದ ಒಂದು ಅರ್ಧ ಕಥೆ ಇಲಾಖೆಯ ಕೈಯಲ್ಲಿತ್ತು. ಉಳಿದರ್ಧವನ್ನು ಹೇಳಬೇಕಾದವನ ಬಳಿ ಪುರಾವೆ ಇರಲಿಲ್ಲ. ಭಯ ಹುಟ್ಟಿದ್ದು ಇಲ್ಲಿಂದ. ಇನ್ನೊಂದು ವಿಪರ್ಯಾಸವನ್ನೂ ಮರೆಯಬಾರದು. 2020ರ ಜೂನ್‌ನಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗಳಿಗೆ ಸಾಲದ ಜೊತೆಗೆ ಡಿಜಿಟಲ್ ಪಾವತಿ ಸ್ವೀಕರಿಸಿದರೆ ಪ್ರೋತ್ಸಾಹಧನವನ್ನೂ ಕೊಡಲಾಯಿತು. ಡಿಜಿಟಲ್ ಆಗಿ ಎಂದು ಬೆನ್ನು ತಟ್ಟಿದ ವ್ಯವಸ್ಥೆಯೇ, ಆಗುವುದರ ಅರ್ಥವೇನು ಎಂಬುದನ್ನು ಮಾತ್ರ ಅವರ ಭಾಷೆಯಲ್ಲಿ ವಿವರಿಸಲಿಲ್ಲ.

ದಾಖಲೆ ಯಾವಾಗಲೂ ವ್ಯಾಪಾರಿಯ ಶತ್ರು ಎಂದೇನೂ ಅಲ್ಲ. ನಿಯತವಾಗಿ ಹಣ ಬರುತ್ತಿರುವ ಖಾತೆಯನ್ನು ನೋಡಿ ಬ್ಯಾಂಕು ಸಾಲ ಕೊಡಲು ಮುಂದಾಗಬಹುದು. ಅಡಮಾನಕ್ಕೆ ಏನೂ ಇಲ್ಲದ ಅಂಗಡಿಯವನಿಗೆ ಆ ಖಾತೆಯ ಚರಿತ್ರೆಯೇ ಆಸ್ತಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ವಿದ್ಯುನ್ಮಾನ ಸಂದೇಶಗಳ ಮೂಲಕ ಆದ ಒಪ್ಪಂದಕ್ಕೂ ಮಾನ್ಯತೆಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಡಿ ಅಗತ್ಯ ಪ್ರಮಾಣಪತ್ರದೊಂದಿಗೆ ವಾಟ್ಸ್‌ಆ್ಯಪ್ ಸಂದೇಶವನ್ನು ನ್ಯಾಯಾಲಯದ ಮುಂದಿಡಬಹುದು. ಮದುವೆಗೆ ಐನೂರು ಎಲೆ ಊಟ ಹೇಳಿ ಕೊನೆಯ ಗಳಿಗೆಯಲ್ಲಿ ‘ನಾವು ಹೇಳಿಯೇ ಇಲ್ಲ’ ಎನ್ನುವವರ ಎದುರು ಅಡುಗೆ ಗುತ್ತಿಗೆದಾರನಿಗೆ ಅದು ರಕ್ಷಣೆ. ಸಂದೇಶವನ್ನು ಅಳಿಸದೆ ಇಟ್ಟುಕೊಂಡಿದ್ದರೆ ಮಾತ್ರ.

ಮುಚ್ಚದ ಬಾಗಿಲು

ಲಾಭ ನಷ್ಟದ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರದ ಇನ್ನೊಂದು ಬಾಬ್ತು ಇದೆ. ಅದು ಸಮಯ. ಅಂಗಡಿಯ ಬಾಗಿಲಿಗೆ ರಾತ್ರಿ ಒಂಬತ್ತಕ್ಕೆ ಬೀಗ ಬೀಳುತ್ತದೆ. ಫೋನಿಗೆ ಬೀಳುವುದಿಲ್ಲ. ಹನ್ನೊಂದು ಗಂಟೆಗೆ ‘ನಾಳೆ ಬೆಳಿಗ್ಗೆ ಸಿಗುತ್ತದೆಯೇ’ ಎಂಬ ಪ್ರಶ್ನೆ ಬರುತ್ತದೆ. ನೀಲಿ ಗೆರೆ ಮೂಡಿಯೂ ಉತ್ತರ ಹೋಗದಿದ್ದರೆ ಗ್ರಾಹಕ ಮುನಿಸಿಕೊಳ್ಳುತ್ತಾನೆ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆಂದೇ ಸಿಬ್ಬಂದಿ ಇರುತ್ತಾರೆ, ಯಂತ್ರವೇ ಉತ್ತರಿಸುವ ವ್ಯವಸ್ಥೆಯೂ ಇರುತ್ತದೆ. ಸಣ್ಣ ಅಂಗಡಿಯಲ್ಲಿ ಮಾಲೀಕನೇ ಮಾರಾಟಗಾರ, ಅವನೇ ಛಾಯಾಗ್ರಾಹಕ, ಅವನೇ ದೂರು ವಿಭಾಗ. ಅನೇಕ ಮನೆಗಳಲ್ಲಿ ಈ ಕೆಲಸ ಕಾಲೇಜಿಗೆ ಹೋಗುವ ಮಗ ಅಥವಾ ಮಗಳ ಪಾಲಿಗೆ ಬಂದಿದೆ. ಸಂಬಳವಿಲ್ಲದ ಈ ದುಡಿಮೆ ಯಾವ ಲೆಕ್ಕದಲ್ಲೂ ಕಾಣಿಸುವುದಿಲ್ಲ.

ಮನೆಯ ಮಾತು, ವ್ಯಾಪಾರದ ಮಾತು ಎರಡಕ್ಕೂ ಒಂದೇ ಸಂಖ್ಯೆ ಇರುವುದು ಇನ್ನೊಂದು ತೊಡಕು. ಮನೆಯಿಂದ ವ್ಯಾಪಾರ ಮಾಡುವ ಮಹಿಳೆಯರಿಗೆ ಅಪರಿಚಿತರ ಅನಪೇಕ್ಷಿತ ಕರೆಗಳ ಕಿರುಕುಳ ಇದರಿಂದ ಹೆಚ್ಚುತ್ತದೆ.

ಆಗಬೇಕಾದದ್ದೇನು?

ಹಿಂದಕ್ಕೆ ಹೋಗುವ ದಾರಿ ಇಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ‘ಯುಪಿಐ ಇಲ್ಲ’ ಎಂದು ಬರೆದ ಫಲಕಗಳು ಬಹಳ ದಿನ ನಿಲ್ಲಲಿಲ್ಲ. ಜೇಬಿನಲ್ಲಿ ನಗದು ಇಟ್ಟುಕೊಳ್ಳದ ಗ್ರಾಹಕ ಪಕ್ಕದ ಅಂಗಡಿಗೆ ನಡೆದುಬಿಡುತ್ತಾನೆ ಎಂಬುದನ್ನು ವ್ಯಾಪಾರಿ ಬೇಗನೆ ಅರಿತ. ಹೀಗಿರುವಾಗ ದಾಖಲೆಯಿಂದ ತಪ್ಪಿಸಿಕೊಳ್ಳುವುದಕ್ಕಿಂತ ದಾಖಲೆಯ ಒಂದು ಪ್ರತಿಯನ್ನು ತಾನೂ ಇಟ್ಟುಕೊಳ್ಳುವುದು ಜಾಣತನ.

ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಮತ್ತು ಪ್ರತ್ಯೇಕ ಫೋನ್ ಸಂಖ್ಯೆ, ಚಿಕ್ಕದಾದರೂ ಸರಿ ಬಿಲ್ಲು, ವಿನಾಯಿತಿಯ ಸರಕು ಮತ್ತು ತೆರಿಗೆಯ ಸರಕಿನ ಬೇರೆ ಬೇರೆ ಲೆಕ್ಕ, ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ವಹಿವಾಟು 1.5 ಕೋಟಿ ರೂಪಾಯಿ ಮೀರದ ವ್ಯಾಪಾರಿಗಳಿಗೆ ಶೇ 1ರಷ್ಟು ತೆರಿಗೆಯ ರಾಜಿ ಪದ್ಧತಿ ಇದೆ ಎಂಬುದು ಜುಲೈನ ಗದ್ದಲದ ತನಕ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ಅಷ್ಟೇ ಮುಖ್ಯವಾದದ್ದು ಗ್ರಾಹಕರ ಪಟ್ಟಿ. ಫೇಸ್‌ಬುಕ್ ಪುಟ ಮೆಚ್ಚಿದವರ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಆ ಪುಟ ನಾಳೆ ಮುಚ್ಚಿಹೋದರೆ ಉಳಿಯುವುದು ವ್ಯಾಪಾರಿಯ ಸ್ವಂತ ಪುಸ್ತಕದಲ್ಲಿ, ಗ್ರಾಹಕನ ಒಪ್ಪಿಗೆ ಪಡೆದು ಬರೆದಿಟ್ಟ ಹೆಸರು ಮತ್ತು ಸಂಖ್ಯೆ ಮಾತ್ರ. ಒಪ್ಪಿಗೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಮೊಬೈಲ್ ಸಂಖ್ಯೆ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿಯೇ ಸೂಚಿಸಿದೆ. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತಿವೆ. ತನ್ನ ದತ್ತಾಂಶ ಬೇರೆಯವರ ಕೈಗೆ ಹೋಯಿತೆಂದು ಕೊರಗುವ ವ್ಯಾಪಾರಿ ಗ್ರಾಹಕನ ದತ್ತಾಂಶವನ್ನೂ ಅಷ್ಟೇ ಗೌರವದಿಂದ ಕಾಣಬೇಕು.

ಸರ್ಕಾರದ ಹೊಣೆ ಇದಕ್ಕಿಂತ ದೊಡ್ಡದು. ನಾಲ್ಕು ವರ್ಷಗಳ ಮಾಹಿತಿಯನ್ನು ಒಮ್ಮೆಲೇ ತೆಗೆದು ನೋಟಿಸ್ ಕಳುಹಿಸುವ ಬದಲು, ವಹಿವಾಟು ಮಿತಿಯನ್ನು ಸಮೀಪಿಸುತ್ತಿರುವಾಗಲೇ ಎಚ್ಚರಿಕೆ ನೀಡಲು ಅದೇ ತಂತ್ರಜ್ಞಾನವನ್ನು ಬಳಸಬಹುದಿತ್ತು. ‘ಈ ವರ್ಷ ನಿಮ್ಮ ಖಾತೆಗೆ ಇಷ್ಟು ಹಣ ಬಂದಿದೆ, ಮಿತಿ ಇಷ್ಟು, ಮುಂದೆ ಮಾಡಬೇಕಾದದ್ದು ಇದು’ ಎಂದು ಕನ್ನಡದಲ್ಲಿ ಒಂದು ಸಂದೇಶ ಹೋಗಿದ್ದರೆ ಬೀದಿಯಲ್ಲಿ ಅಷ್ಟು ಆತಂಕ ಉಂಟಾಗುತ್ತಿರಲಿಲ್ಲ. ಪ್ರತಿಭಟನೆಯ ನಂತರ ಇಲಾಖೆ ಜಾಗೃತಿ ಕಾರ್ಯಕ್ರಮಗಳಿಗೆ ಮುಂದಾದದ್ದು ಸ್ವಾಗತಾರ್ಹ. ಆದರೆ ಅದು ನೋಟಿಸಿಗಿಂತ ಮೊದಲು ಬರಬೇಕಿತ್ತು. ವ್ಯಾಪಾರಿಯ ಮಾತನ್ನೆಲ್ಲ ಕೇಳಿಸಿಕೊಳ್ಳುವ ಸಾಮರ್ಥ್ಯ ಸರ್ಕಾರಕ್ಕೆ ಬಂದಿದೆ ಎಂದಾದರೆ, ಅವನಿಗೆ ಅರ್ಥವಾಗುವಂತೆ ತಿರುಗಿ ಮಾತನಾಡುವ ಜವಾಬ್ದಾರಿಯೂ ಅದಕ್ಕೆ ಇದೆ.

ವೇದಿಕೆಗಳನ್ನು ನಡೆಸುವ ಕಂಪನಿಗಳಿಂದಲೂ ಇಷ್ಟನ್ನು ನಿರೀಕ್ಷಿಸುವುದು ಅತಿಯಾಗದು. ಖಾತೆಯನ್ನು ತಡೆಹಿಡಿದಾಗ ಕಾರಣವನ್ನು ಸ್ಥಳೀಯ ಭಾಷೆಯಲ್ಲಿ ತಿಳಿಸಬೇಕು, ಯಂತ್ರದ ಬದಲು ಮನುಷ್ಯರೊಬ್ಬರು ದೂರು ಆಲಿಸಬೇಕು, ವ್ಯಾಪಾರಿ ಬಯಸಿದಾಗ ತನ್ನ ಗ್ರಾಹಕರ ಮತ್ತು ಬೇಡಿಕೆಗಳ ವಿವರವನ್ನು ಒಟ್ಟಾಗಿ ಹೊರತೆಗೆದುಕೊಳ್ಳುವ ಅನುಕೂಲ ಇರಬೇಕು. ಬಾಡಿಗೆದಾರನಿಗೂ ಕೆಲವು ಹಕ್ಕುಗಳಿರುತ್ತವೆ. ಮನೆ ಖಾಲಿ ಮಾಡುವಾಗ ಸಾಮಾನನ್ನು ಕೊಂಡೊಯ್ಯುವುದು ಅವುಗಳಲ್ಲಿ ಒಂದು.

ಬರಲಿರುವ ದಿನಗಳಲ್ಲಿ ಹತ್ತು ನಿಮಿಷಗಳಲ್ಲಿ ಸಾಮಾನು ತಲುಪಿಸುವ ಕಂಪನಿಗಳ ಪೈಪೋಟಿ ಇನ್ನಷ್ಟು ಬಿಗಿಯಾಗಲಿದೆ. ಅವರ ವೇಗವನ್ನಾಗಲಿ ರಿಯಾಯಿತಿಯನ್ನಾಗಲಿ ಬೀದಿಯ ಅಂಗಡಿ ಸರಿಗಟ್ಟಲಾರದು. ಅದರ ಬಳಿ ಉಳಿದಿರುವ ಬಂಡವಾಳವೆಂದರೆ ಗ್ರಾಹಕನ ಪರಿಚಯ ಮತ್ತು ಅವನೊಡನೆ ಆಡುವ ಮಾತು. ಅಂತರ್ಜಾಲ ಆ ಮಾತಿನ ವ್ಯಾಪ್ತಿಯನ್ನು ಬೀದಿಯಿಂದ ದೇಶಾಂತರಕ್ಕೆ ಹಿಗ್ಗಿಸಿದೆ. ಆದರೆ ಅದರ ಲೆಕ್ಕವನ್ನು ಬೇರೆಯವರು ಮಾತ್ರ ಇಟ್ಟುಕೊಂಡರೆ ಆ ಬಂಡವಾಳವೂ ಕೈಜಾರುತ್ತದೆ. ಉದ್ರಿ ಪುಸ್ತಕವನ್ನು ಜೋಪಾನ ಮಾಡಿದಷ್ಟೇ ಕಾಳಜಿಯಿಂದ ಈ ಹೊಸ ಪುಸ್ತಕವನ್ನೂ ಜೋಪಾನ ಮಾಡಲು ನಮ್ಮ ಸಣ್ಣ ವ್ಯಾಪಾರಿ ಕಲಿಯಬೇಕಾಗಿದೆ.